ಇಡೀ ನಾಡಿಗೆ ಒಂದೇ ಲಿಫ್ಟು

ಊರೂರಲ್ಲೂ ಲಿಫ್ಟಿನ ಬಾಗಿಲುಗಳಿದ್ದವು, ಆದರೆ ಲಿಫ್ಟು ಇಡೀ ನಾಡಿಗೆ ಒಂದೇ. ಎಲ್ಲಿ ಗುಂಡಿ ಒತ್ತಿದರೂ ಅದೇ ಬರಬೇಕು. ಬೀದರಿನಲ್ಲಿ ಹತ್ತಿದ್ದ ಮದುಮಗ ಸಿದ್ರಾಮ ಮುಹೂರ್ತ ಹತ್ತಿರವಾದರೂ ಕಲಬುರಗಿಯಲ್ಲಿ ಇಳಿದಿರಲಿಲ್ಲ. ಕಲ್ಯಾಣಮಂಟಪದಲ್ಲಿ ಮದುಮಗಳು ಕಸ್ತೂರಿ ಬಾಸಿಂಗ ಕಟ್ಟಿಕೊಂಡೇ ಗುಂಡಿ ಒತ್ತುತ್ತಿದ್ದಳು.

ಕೊನೆಗೂ ಬಾಗಿಲು ತೆರೆಯಿತು. ಮುಂದೆ ಕಾರವಾರದ ಮೀನು ಮಾರುವವಳು, ಮಂಡ್ಯದ ಬ್ಯಾಂಡಿನವರು. ಎಲ್ಲರ ಹಿಂದೆ ಗೋಡೆಗೆ ಒತ್ತಿಹೋದ ಸಿದ್ರಾಮ.

"ಹೊರಗ ಬರ್ರಿ, ಹೊತ್ತಾಗ್ಯಾದ," ಎಂದಳು ಕಸ್ತೂರಿ.

"ಅಲುಗಾಡ್ಲಾಕ ಬರಲ್ಲ. ನೀನೇ ಒಳಗ ಬಾ. ತಾಳಿ ಕಿಸೆದಾಗ ಅದ."

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಸೀರೆ ಎತ್ತಿ ಹಿಡಿದು ಒಳಗೆ ನುಗ್ಗಿದಳು. ಮೀನಿನವಳು ಬುಟ್ಟಿಯನ್ನು ತಲೆಗೇರಿಸಿ ಜಾಗ ಬಿಟ್ಟಳು, ಬ್ಯಾಂಡಿನವರು ಆ ಇಕ್ಕಟ್ಟಿನಲ್ಲೇ ಊದತೊಡಗಿದರು.

ಹಾಸನದಲ್ಲಿ ಬಾಗಿಲು ತೆರೆದಾಗ ಅವಳ ಕೊರಳಲ್ಲಿ ತಾಳಿಯಿತ್ತು. ಕಾದು ಕಾದು ರೇಗಿದ್ದ ಹಾಸನದವರು ಗೊಣಗುವುದನ್ನು ಬಿಟ್ಟು, ಗುರುತಿಲ್ಲದ ಆ ಜೋಡಿಗೆ ಚಪ್ಪಾಳೆ ತಟ್ಟಿದರು.