ಎಲೆ ಬುಟ್ಟಿಯಲ್ಲಿ ಬಂದ ಕಂಪ್ಯೂಟರು

ಮುದುಕನಿಗೆ ಇಸವಿಗಳೆಲ್ಲ ಕಲಸಿಹೋಗಿವೆ ಅಂತ ಗೊಣಗುತ್ತಿರುವವರು ಮೊದಲು ಬಾಯಿ ಮುಚ್ಚಿ. ಎಂಬತ್ತೇಳರಲ್ಲಿ ಹೊಸೂರಿನಲ್ಲಿ ಕಂಪ್ಯೂಟರ್ ಆಟ ಎಲ್ಲಿತ್ತು ಅಂತ ಕೇಳುತ್ತೀರಲ್ಲ, ಮೂಕಂಡಪಲ್ಲಿಯಲ್ಲಿತ್ತು. ಬೆಂಗಳೂರಿನಿಂದ ಬುಟ್ಟಿಯಲ್ಲಿ ಬಂತು. ನಂಬದವರು ಎದ್ದು ಹೋಗಬಹುದು.

ಆವತ್ತು ಚನ್ನಕೇಶವ ಬೆಂಗಳೂರಿನ ಬಿಡಿಭಾಗದ ಅಂಗಡಿಯೊಂದರಲ್ಲಿ ಬೆವರುತ್ತ ನಿಂತಿದ್ದ. ಅವನು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಅಲ್ಲಿಂದ ಕೈಗೆ ಬಂದ ಕೊನೆಯ ದುಡ್ಡಿನಲ್ಲಿ, ಟೀವಿಗೆ ಸಿಕ್ಕಿಸಿ ಆಡುವ ಕಂಪ್ಯೂಟರೊಂದನ್ನು ತಾನೇ ಜೋಡಿಸಿ, ರಾಮಕೃಷ್ಣಪ್ಪನ ಟೀ ಅಂಗಡಿಯ ಮೂಲೆಯಲ್ಲಿಟ್ಟು, ಆಟಕ್ಕಿಷ್ಟು ಅಂತ ವಸೂಲಿ ಮಾಡುವುದು ಅವನ ಯೋಚನೆ. ಹೊರಡುವಾಗ ಹೆಂಡತಿ ಕಮಲಮ್ಮ ಹೇಳಿದ್ದು ಒಂದೇ ಮಾತು. "ಇದೂ ಕೈ ಕೊಟ್ರೆ ಗಂಟುಮೂಟೆ ಕಟ್ಕೊಂಡು ನಮ್ಮಣ್ಣನ್ ಮನೆ ಜಗಲೀಲಿ ಹೋಗಿ ಬೀಳ್ಬೇಕು. ನೋಡ್ಕೊಂಡು ತಗೊಳ್ಳಿ."

ಬೋರ್ಡು ಬೇಕೇ ಬೇಕು. ಕೀಬೋರ್ಡು, ಟ್ರಾನ್ಸ್‌ಫಾರ್ಮರ್ ಬಿಡುವಂತಿಲ್ಲ. ಮಿಕ್ಕ ದುಡ್ಡಿಗೆ ಬರುವುದು ಎರಡು ಜಾಯ್‌ಸ್ಟಿಕ್, ಇಲ್ಲವೇ ಒಂದು ಜಾಯ್‌ಸ್ಟಿಕ್ ಮತ್ತು ಬೋರ್ಡನ್ನು ಮುಚ್ಚುವ ಪೆಟ್ಟಿಗೆ. ಚನ್ನಕೇಶವ ಎರಡನ್ನೂ ಎತ್ತಿ ನೋಡಿದ, ಇಟ್ಟ, ಮತ್ತೆ ಎತ್ತಿದ.

"ಪೆಟ್ಟಿಗೆ ಬೇಡ ಬುಡಿ. ನಮ್ಮ ದಾಸಪ್ಪಾಚಾರಿ ಮರದಲ್ಲಿ ಮಾಡ್ಕೊಡ್ತಾನೆ. ಒಬ್ನೇ ಆಡೋ ಆಟಕ್ಕೆ ಯಾರ್ ಬತ್ತಾರೆ? ಎದುರ್ಗೆ ಸೋಲೋಕೊಬ್ಬ ಬೇಕು."

"ಬರೀ ಬೋರ್ಡು ತಗೊಂಡೋಗಿ ಆಮೇಲೆ ನನ್ನ ಬೈಬೇಡಿ," ಅಂದ ಅಂಗಡಿಯವನು. "ಬಿಲ್ ಹಾಕ್ಲಾ?"

"ಹಾಕಿದ್ರೆ ತೆರಿಗೆ ಎಷ್ಟಾಯ್ತದೆ?"

"ಒಂದು ಜಾಯ್‌ಸ್ಟಿಕ್‌ನಷ್ಟು."

"ಹಂಗಾರೆ ಬೇಡ."

ಬಿಲ್ಲಿಲ್ಲದ ಹೊಸ ಸಾಮಾನು ತಮಿಳುನಾಡಿನ ಗಡಿಯ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಗೋವಿಂದ. ಅದು ಅವನಿಗೆ ಹೊಳೆದದ್ದು ಬಸ್ಸು ಹೊರಟ ಮೇಲೆ. ಮಿಕ್ಕಿದ್ದಕ್ಕೆಲ್ಲ ಬಸ್ಸಿನ ಧೂಳು ಬಳಿದು ಹಳೇದು ಅನ್ನಬಹುದು. ಹಸಿರಾಗಿ ಹೊಳೆಯುವ ಬೋರ್ಡಿಗೆ ಏನು ಬಳಿಯುವುದು? ಮುಂದಿನ ಸೀಟಿನಲ್ಲಿ ಅವಲಪಲ್ಲಿಯ ಪಿಳ್ಳಮ್ಮ ಕೂತಿದ್ದಳು. ಬೆಂಗಳೂರಿನ ಮಾರುಕಟ್ಟೆಯಿಂದ ವೀಳ್ಯದೆಲೆ ತಂದು ಹೊಸೂರಿನಲ್ಲಿ ಮಾರುವ ಮುದುಕಿ.

"ಪಿಳ್ಳಮ್ಮಕ್ಕ, ಗಡಿ ದಾಟೋಗಂಟ ಇದನ್ನ ಎಲೆ ಅಡೀಗೆ ಇಕ್ಕೊ."

"ಏನಪ್ಪ ಇದು, ಸಾರಾಯಿನಾ?"

"ಅಲ್ಲಕ್ಕ. ಆಟದ ಸಾಮಾನು."

"ಈ ವಯಸ್ಸಲ್ಲಿ ನಿಂಗೆ ಆಟ ಬೇರೆ ಕೇಡು," ಅನ್ನುತ್ತಲೇ ಅವಳು ಎಲೆಯ ಕಟ್ಟುಗಳನ್ನು ಸರಿಸಿ ಜಾಗ ಮಾಡಿದಳು.

ಚೆಕ್‌ಪೋಸ್ಟಿನಲ್ಲಿ ಆಫೀಸರು ಬಸ್ಸು ಹತ್ತಿ ನೇರ ಅವಳ ಮುಂದೆಯೇ ನಿಂತ. "ಕೂಡೈಲ ಎನ್ನಮ್ಮಾ?" ಬುಟ್ಟಿಯಲ್ಲಿ ಏನು ಅಂತ.

"ವೆತ್ತಲೆ ಸಾಮಿ. ಎಲೆ."

ಎಲೆ ಮಾರುವವರ ಕೈ ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ನೀರು ಚಿಮುಕಿಸದಿದ್ದರೆ ಎಲೆ ಬಾಡುತ್ತದೆ. ಪಿಳ್ಳಮ್ಮನಿಗೆ ಅದು ಉಸಿರಾಡಿದಷ್ಟೇ ಸಲೀಸು, ಹೆದರಿಕೆಯಾದರೆ ಇನ್ನೂ ಜೋರು. ಆಫೀಸರು ಯಾವ ಊರು ಅಂದ. ಅವಳು ಚೊಂಬಿಗೆ ಕೈ ಅದ್ದಿ ಚಿಮುಕಿಸಿದಳು. ಎಲ್ಲಿ ಮಾರುತ್ತೀ ಅಂದ, ಮತ್ತೆ ಚಿಮುಕಿಸಿದಳು. ಅವನೂ ಎಲೆ ಹಾಕುವ ಆಸಾಮಿ. ದುಡ್ಡು ತೆಗೆದು ಕೊಟ್ಟು, ಎಳೆಯ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದ. ಪಿಳ್ಳಮ್ಮ ಅಂಗೈಯಲ್ಲೇ ಮೊಗೆದು ಹುಯ್ದಳು. ಹಿಂದಿನ ಸೀಟಿನಲ್ಲಿ ಚನ್ನಕೇಶವ ಕಂಬಿ ಹಿಡಿದು ಕೂತಿದ್ದ. ಬೇಡ ಕಣಕ್ಕ ಅಂತ ಕೂಗಿದರೆ ಬೋರ್ಡು ಆಫೀಸರಿನ ಪಾಲು, ಸುಮ್ಮನಿದ್ದರೆ ನೀರಿನ ಪಾಲು. ಸುಮ್ಮನಿದ್ದ.

ಗಡಿ ದಾಟಿದ ಮೇಲೆ ಎತ್ತಿ ನೋಡಿದರೆ ಸುತ್ತಿದ ಪೇಪರು ಮುದ್ದೆಯಾಗಿತ್ತು, ಬೋರ್ಡಿನ ಸಂದುಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀರ್ ಬಿದ್ರೆ ಕೆಡ್ತೈತೆ ಅಂತ ಮೊದ್ಲೇ ಒದರ್ಬಾರ್ದಾ?" ಅಂದಳು ಪಿಳ್ಳಮ್ಮ. "ಎಲೆ ಬುಟ್ಟೀಗಿಕ್ಕಿ ಒಣಗಿರು ಅಂದ್ರೆ ಎಲ್ಲಾಯ್ತದಪ್ಪ?" ಆಮೇಲೆ ಹೊಸೂರು ಬರುವವರೆಗೂ ಅವಳು ಅವನ ಮುಖ ನೋಡಲಿಲ್ಲ.

ಮನೆಯಲ್ಲಿ ಕಮಲಮ್ಮ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಮೊರದ ಮೇಲೆ ಬಟ್ಟೆ ಹಾಸಿ ಬೋರ್ಡನ್ನು ಬಿಸಿಲಿಗಿಟ್ಟಳು. ನೆರಳು ಸರಿದಂತೆಲ್ಲ ಮೊರವನ್ನೂ ಸರಿಸಿದಳು.

ಭಾನುವಾರ ಟೀ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿಯ ಟೀವಿ, ಆಟದ ಕ್ಯಾಸೆಟ್ಟು ಹಾಕಿದ ಟೇಪ್ ರೆಕಾರ್ಡರು, ಎಲ್ಲ ಸಿಕ್ಕಿಸಿಯಾಗಿತ್ತು. ಚನ್ನಕೇಶವನ ಕೈ ಮಾತ್ರ ಸ್ವಿಚ್ಚಿನ ಹತ್ತಿರ ಹೋಗುವುದು, ಹಿಂದಕ್ಕೆ ಬರುವುದು.

"ಪೂಜೆ ಆಯ್ತೇನಪ್ಪ, ಇಲ್ಲ ಇನ್ನೂ ಮಂಗಳಾರತಿ ಐತಾ?" ಅಂದ ರಾಮಕೃಷ್ಣಪ್ಪ. ಕೆಲವರು ನಕ್ಕರು.

ಜನರನ್ನು ತಳ್ಳಿಕೊಂಡು ಪಿಳ್ಳಮ್ಮ ಒಳಗೆ ಬಂದಳು. "ಸರಿ ಅತ್ಲಾಗೆ. ನಾನ್ ಹಾಕ್ತೀನಿ. ಕೆಟ್ಟೋಗಿದ್ರೆ ಬೈಯಾಕೆ ನಿಂಗೂ ಒಬ್ರು ಬೇಕಲ್ಲ." ಅಂದವಳೇ ಸ್ವಿಚ್ಚು ಅದುಮಿದಳು.

ಟೀವಿಯ ತುಂಬ ಇರುವೆ ಮುತ್ತಿದ ಹಾಗೆ ಚುಕ್ಕಿ. ಆಟ ತುಂಬಿದ್ದ ಕ್ಯಾಸೆಟ್ಟು ಕಿರ್ರೋ ಅಂತ ಅರಚಿಕೊಳ್ಳತೊಡಗಿ ನಿಲ್ಲಲೇ ಇಲ್ಲ. ಕಮಲಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಆಮೇಲೆ ಅರಚಾಟ ನಿಂತಿತು. ಇರುವೆಗಳು ಚದುರಿ, ಪರದೆಯ ಎರಡು ತುದಿಯಲ್ಲಿ ಎರಡು ಪುಟ್ಟ ದೋಣಿಗಳು ಎದುರುಬದುರಾದವು. ಅಂಗಡಿಯೇ ಎದ್ದು ಕುಣಿಯಿತು.

ಜಾಯ್‌ಸ್ಟಿಕ್‌ಗಾಗಿ ತಳ್ಳಾಟ ಶುರುವಾದರೂ ಪಿಳ್ಳಮ್ಮ ಮಾತ್ರ ಅಲ್ಲಾಡಲಿಲ್ಲ.

"ಬೆರಳು ತೆಗಿಯಕ್ಕ, ಹತ್ಕೊಂತಲ್ಲ," ಅಂದ ಚನ್ನಕೇಶವ.

"ಬುಟ್ರೆ ಆರೋಯ್ತದೆ," ಅಂದಳು.

ಯಾರು ಎಷ್ಟು ಹೇಳಿದರೂ ಕೇಳದೆ, ಸಂಜೆ ದೀಪ ಹಚ್ಚುವವರೆಗೂ ಅವಳು ಸ್ವಿಚ್ಚನ್ನು ಅದುಮಿಕೊಂಡೇ ನಿಂತಿದ್ದಳು. ಇದನ್ನು ನಿಮ್ಮವರಿಗೂ ಹೇಳಿ. ಹೇಳುವಾಗ ಏನು ಮರೆತರೂ ಪರವಾಗಿಲ್ಲ, ಆ ಬೆರಳನ್ನು ಮಾತ್ರ ಬಿಡಬೇಡಿ.