ಕೋಲಿನ ತಾಕತ್ತು

ವಿಜ್ಞಾನದ ಮೇಷ್ಟ್ರು ಹೊಡೆದರೆ ಎರಡನೇ ಏಟಿಗೇ ಕೋಲು ಮುರಿಯುತ್ತಿತ್ತು.

"ನೋಡ್ರೋ, ನನ್ನ ಕೈಗೆ ಯಾವ ಕೋಲೂ ತಡೆಯಲ್ಲ," ಎಂದು ಅವರು ಮೀಸೆ ತಿರುವುತ್ತಿದ್ದರು. ದಿನವೂ ಸಿಪ್ಪೆ ಸುಲಿದು ಹೊಸ ಕೋಲು ತಂದುಕೊಡುವ ಕೆಲಸ ಕ್ಲಾಸ್ ಲೀಡರ್ ದಾಕ್ಷಾಯಣಿಯದು.

ಶಾಲೆಯ ವಿಜ್ಞಾನ ಮೇಳದಲ್ಲಿ ಅವಳು ಮೂರು ಮರಗಳ ಕೊಂಬೆಗೆ ಇಟ್ಟಿಗೆ ತೂಗುಹಾಕಿ ತೋರಿಸಿದಳು. ಹುಣಸೆ ಬಾಗಿತೇ ಹೊರತು ಮುರಿಯಲಿಲ್ಲ. ಹೊಂಗೆಯೂ ತಡೆದುಕೊಂಡಿತು. ನುಗ್ಗೆ ಮಾತ್ರ ಒಂದೇ ಇಟ್ಟಿಗೆಗೆ ಲಟಕ್ಕನೆ ಮುರಿಯಿತು.

ಮೇಷ್ಟ್ರು ಹಿಗ್ಗಿಹೋದರು. ನೆರೆದಿದ್ದ ಪೋಷಕರಿಗೆಲ್ಲ ಕೇಳುವಂತೆ, "ಭೇಷ್! ಈ ಪ್ರಯೋಗದಿಂದ ಯಾರಿಗೆ ಏನುಪಯೋಗ, ಅದನ್ನೂ ಹೇಳಮ್ಮ," ಎಂದರು.

"ನಮ್ಮ ಇಡೀ ಕ್ಲಾಸಿಗೆ ಉಪಯೋಗ ಆಗಿದೆ ಸಾರ್," ಎಂದಳು ದಾಕ್ಷಾಯಣಿ. "ನಿಮಗೆ ದಿನಾ ತಂದ್ಕೊಡೋದು ಈ ನುಗ್ಗೆ ಕೋಲನ್ನೇ."