ಸಾಕ್ಷಿಗೆ ತಂದ ನೀರು

ವಾಡಿ ಸ್ಟೇಷನ್ನಿನಲ್ಲಿ ಇಳಿದು ಅಮೃತಪ್ಪ ಹಿಂತಿರುಗಿ ನೋಡಿದ. ಹಿಂದಿನ ಡಬ್ಬಿಯಿಂದ ಲಾಲ್ ಅಹ್ಮದ್ ಇಳಿಯುತ್ತಿದ್ದ. ಶಹಾಬಾದಿನ ಕಲ್ಲುಗಣಿಯಲ್ಲಿ ಸಾವುಕಾರನ ಬಲಗೈ ಬಂಟ ಅವನು. ಕೂಲಿಯವರು ಕೂತರೂ ನಿಂತರೂ ಸಾವುಕಾರನಿಗೆ ಸುದ್ದಿ ಮುಟ್ಟುತ್ತಿದ್ದದ್ದು ಅವನಿಂದಲೇ. ಅಮೃತಪ್ಪ ಚೀಲದಲ್ಲಿದ್ದ ಗಾಜಿನ ಶೀಸೆಯನ್ನು ಎದೆಗೆ ಅವಚಿಕೊಂಡು ಬಿರಬಿರನೆ ನಡೆದ.

ಶೀಸೆಯಲ್ಲಿದ್ದದ್ದು ನೀರು. ಗಣಿಯ ಹಳೆಯ ಗುಂಡಿಯಲ್ಲಿ ನಿಂತ ಹಸಿರು ನೀರು; ದಿಟ್ಟಿಸಿದರೆ ಒಳಗೆ ಸಣ್ಣ ಹುಳಗಳು ಮಿಸುಕಾಡುತ್ತಿದ್ದವು. ಇಡೀ ಗಣಿಯ ಮಂದಿಗೆ ಕುಡಿಯಲು ಸಾವುಕಾರ ತೋರಿಸಿದ್ದು ಆ ಗುಂಡಿಯನ್ನೇ. ಕುಡಿದವರಲ್ಲಿ ಅರ್ಧ ಜನರ ಕಾಲಿಗೆ ನಾರುಹುಣ್ಣು. ಅಮೃತಪ್ಪನ ಹೆಂಡತಿ ಸೂಗಮ್ಮನ ಹಿಮ್ಮಡಿಯಿಂದಲೂ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ಎಳೆಯುವಾಗ ಅವಳು ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಆ ಅಳು ಕೇಳಲಾರದೆಯೇ ಅವನು ಸರ್ಕಾರದ ಬೆನ್ನು ಹತ್ತಿದ್ದ.

ರಜಾಕಾರರ ಗದ್ದಲ ಅಡಗಿ, ಹೊಸ ಸರ್ಕಾರ ಬಂದು, ಗಣಿ ಕೂಲಿಯವರಿಗೆ ಶುದ್ಧ ನೀರು ಕೊಡಲೇಬೇಕೆಂಬ ಕಾನೂನೂ ಬಂದಿತ್ತು. ತಪಾಸಣೆಯ ಸಾಹೇಬರು ಒಮ್ಮೆ ಗಣಿಗೂ ಬಂದಿದ್ದರು. ಆ ದಿನ ಸಾವುಕಾರ ಹೊಸ ಗಡಿಗೆಗಳನ್ನು ಸಾಲಾಗಿ ಇಡಿಸಿ, ಸ್ಟೇಷನ್ನಿನ ಬಾವಿಯಿಂದ ನೀರು ತರಿಸಿ ತುಂಬಿಸಿದ್ದ. ಸಾಹೇಬರು ಕುಡಿದು, ಮೆಚ್ಚಿ, ಹೋದರು. ಅಮೃತಪ್ಪ ವಾಡಿಯ ಅವರ ಕಚೇರಿಗೆ ಅಲೆದು ಅಲೆದು ಕಾಲಿಗೆ ಬಿದ್ದ ಮೇಲೆ, ಗುಂಡಿಯ ನೀರನ್ನು ಕಣ್ಣಿಗೆ ತೋರಿಸಿದರೆ ಮಾತ್ರ ಸಾವುಕಾರನ ಮೇಲೆ ವರದಿ ಬರೆಯುತ್ತೇನೆ ಎಂದಿದ್ದರು. ಈಗ ಅವರಿಗೆ ವರ್ಗವಾಗಿತ್ತು. ಇವತ್ತಿನ ಮಧ್ಯಾಹ್ನದ ಗಾಡಿಗೆ ಹೈದರಾಬಾದು. ಹೊಸಬರು ಯಾವಾಗ ಬರುತ್ತಾರೋ, ಬಂದವರು ಯಾರ ಮನುಷ್ಯರೋ, ಯಾರು ಕಂಡವರು.

ಕಚೇರಿಯ ಪಡಸಾಲೆಯಲ್ಲಿ ಮುದಿ ಜವಾನ ಫಕೀರಸಾಬ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಬಿಸಿಲಿಗೆ ಅವನ ತುಟಿಗಳು ಒಡೆದು ಕರ್ರಗಾಗಿದ್ದವು. ಮೂಲೆಯಲ್ಲಿ ಗಡಿಗೆಯೊಂದು ಬೋರಲು ಬಿದ್ದಿತ್ತು.

"ಸಾಹೇಬ್ರು ಸಾಮಾನು ಕಟ್ಟಲಿಕತ್ತಾರ, ಕುಂದ್ರು," ಎಂದ ಫಕೀರಸಾಬ. "ಏನದು ಶೀಸ್ಯಾಗ?"

"ನೀರು, ಚಾಚಾ."

"ಕುಡಿಯೋ ನೀರೇನು?"

"ಹೌದ್ರಿ. ನಾವು ಅದನ್ನೇ ಕುಡಿತೀವಿ."

ಅದಕ್ಕಿಂತ ಹೆಚ್ಚು ಅವನು ಬಾಯಿ ಬಿಡಲಿಲ್ಲ. ಜವಾನರ ಕಿವಿಗೆ ಬಿದ್ದದ್ದು ಸಾವುಕಾರನ ಕಿವಿಗೆ ಬೀಳಲು ತಡವಾಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಲಾಲ್ ಅಹ್ಮದ್ ಬಂದೇಬಿಟ್ಟ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ, ಉದ್ದ ಕೊರಳಿನ ಮಣ್ಣಿನ ಸುರಾಹಿ. "ಸಾಹೇಬ್ರಿಗಿ ನಮ್ಮ ಸಾವುಕಾರ್ರು ನೀರು ಕಳಿಸ್ಯಾರ," ಎನ್ನುತ್ತ ನೆಟ್ಟಗೆ ಒಳಗೆ ಹೋದ. ಒಳಗಿನಿಂದ ಸಾಹೇಬರ ನಗು ಕೇಳಿಸಿತು. ಬರಿಗೈಲಿ ಹೊರಬಂದವನು ಬೇವಿನ ಮರದ ಕಟ್ಟೆಯ ಮೇಲೆ ಕೂತು, ಚೀಲದ ಕಡೆ ನೋಡಿ ಹೇಳಿದ: "ಶೀಸಿ ಜ್ವಾಕಿ ಮಾಡ್ಕೋ ಅಮೃತಪ್ಪ. ಇಲ್ಲಿ ನೀರಿನ ಮ್ಯಾಲ ಭಾಳ ಮಂದಿ ಕಣ್ಣದಾವ."

ಅಮೃತಪ್ಪನ ಮೈಯೆಲ್ಲ ಉರಿದುಹೋಯಿತು. ಹೆದರಿಕೆಯೂ ಆಯಿತು.

ಗುಮಾಸ್ತ ಹೊರಗೆ ತಲೆ ಹಾಕಿ, ಅರ್ಜಿಯಿಲ್ಲದೆ ಸಾಹೇಬರು ಏನನ್ನೂ ನೋಡುವುದಿಲ್ಲ, ಬಜಾರಿನಲ್ಲಿ ಬರೆಸಿಕೊಂಡು ಬೇಗ ಬಾ ಎಂದ. ಅಮೃತಪ್ಪ ಪೇಚಿಗೆ ಸಿಕ್ಕಿದ. ಶೀಸೆ ಹಿಡಿದು ಬಜಾರಿಗೆ ಹೋದರೆ ಗದ್ದಲದಲ್ಲಿ ಲಾಲ್ ಅಹ್ಮದ್ ಒಂದು ಭುಜ ತಾಗಿಸಿದರೆ ಸಾಕು, ಗಾಜು ಚೂರಾಗುತ್ತದೆ. ಬಿಟ್ಟು ಹೋದರೆ ಅವನೇ ಚೆಲ್ಲುತ್ತಾನೆ. ಯೋಚಿಸಿ ಯೋಚಿಸಿ ಫಕೀರಸಾಬನ ಹತ್ತಿರ ಹೋದ. ಸರ್ಕಾರದ ಬಿಲ್ಲೆ ಹಾಕಿದ ಮನುಷ್ಯ, ವಯಸ್ಸಾದವನು, ಮುಖದಲ್ಲಿ ಮೋಸವಿರಲಿಲ್ಲ.

"ಚಾಚಾ, ಇದು ನಿಮ್ಮ ಹಂತ್ಯಾಕ ಇರಲಿ. ಆ ಮನುಷ್ಯಾ ಮುಟ್ಟಬಾರದು."

"ಅವನ ಕೈಗಿ ಹತ್ತಗೊಡಂಗಿಲ್ಲ. ಹೋಗು ಬೇಟಾ."

ಅಮೃತಪ್ಪನಿಗೆ ಜೀವ ಬಂದಂತಾಯಿತು. ಬಜಾರಿನಲ್ಲಿ ಅರ್ಜಿ ಬರೆಯುವವನ ಮುಂದೆ ಸರದಿ ಇತ್ತು. ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು, ಹೆಬ್ಬೆಟ್ಟು ಒತ್ತಿ, ಕಾಗದ ಹಿಡಿದು ಓಡೋಡಿ ಬಂದ. ಲಾಲ್ ಅಹ್ಮದ್ ಕಟ್ಟೆಯ ಮೇಲೆ ಮುಖದ ಮೇಲೆ ವಸ್ತ್ರ ಹಾಕಿಕೊಂಡು ಮಲಗಿದ್ದ. ಸಾಹೇಬರ ಟಾಂಗಾ ಬಾಗಿಲಲ್ಲಿ ನಿಂತಿತ್ತು.

ಸಾಹೇಬರು ಅರ್ಜಿಯ ಮೇಲೆ ಕಣ್ಣಾಡಿಸಿದರು. ಜೇಬಿನಿಂದ ಪೆನ್ನು ಕೂಡ ತೆಗೆದರು. "ಎಲ್ಲಿ, ನೀರು ತೋರಿಸು," ಎಂದರು.

ಅಮೃತಪ್ಪ ಪಡಸಾಲೆಗೆ ಹಾರಿದ. ಶೀಸೆ ಕಿಟಕಿಯಲ್ಲಿತ್ತು. ಬಿರಡೆ ಹಾಗೇ ಇತ್ತು. ಒಳಗೆ ಒಂದು ಹನಿಯೂ ಇರಲಿಲ್ಲ.

ಅವನು ಅಂಗಳಕ್ಕೆ ಜಿಗಿದು ಲಾಲ್ ಅಹ್ಮದನ ಕೊರಳಪಟ್ಟಿ ಹಿಡಿದು ಎಬ್ಬಿಸಿದ. "ಚೆಲ್ಲಿಬಿಟ್ಟೇನೋ? ನನ್ನ ಹೆಣ್ತಿ ಕಾಲು ನೋಡಿದ್ದಿ ನೀ, ಆದ್ರೂ ಚೆಲ್ಲಿದೇನು?"

"ನಾ ಕೂತಲ್ಲಿಂದ ಎದ್ದಿಲ್ಲೋ, ಖುದಾ ಕಸಂ," ಎಂದ ಲಾಲ್ ಅಹ್ಮದ್. ಅಮೃತಪ್ಪ ನಂಬಲಿಲ್ಲ, ಕೈಯೆತ್ತಿ ಹೊಡೆದ.

ಸಾಹೇಬರು ಹೊರಬಂದರು. ಖಾಲಿ ಶೀಸೆಯನ್ನು ನೋಡಿದರು, ಜಗಳವನ್ನು ನೋಡಿದರು, ಪೆನ್ನು ಜೇಬಿಗಿಟ್ಟರು. ಇಂಥವರ ಮಾತು ಕೇಳಿ ಹೊತ್ತು ಹಾಳಾಯಿತೆಂದು ಗೊಣಗುತ್ತ, ಸುರಾಹಿಯನ್ನು ಜೋಪಾನವಾಗಿ ಇಡಿಸಿಕೊಂಡು ಟಾಂಗಾ ಹತ್ತಿದರು. ಧೂಳು ಎದ್ದು, ಅಡಗಿತು. ಅಮೃತಪ್ಪ ಅಂಗಳದಲ್ಲೇ ಕುಸಿದು ಕೂತು ತಲೆ ಚಚ್ಚಿಕೊಂಡು ಅತ್ತ.

ಫಕೀರಸಾಬ ಮೆಟ್ಟಿಲಿಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಅವನಿಗ್ಯಾಕ ಹೊಡೀತಿ ಬೇಟಾ, ನಾನೇ ಕುಡ್ದೆ. ಹುಳ ಇದ್ವು, ರುಮಾಲಿನಾಗ ಸೋಸಿಕೊಂಡೆ. ಈ ಆಫೀಸಿನ್ಯಾಗ ನಮಗ ಅಂಥಾ ನೀರೂ ಸಿಗಂಗಿಲ್ಲ."